ಟಾಪಿಗೆ ನಾಲ್ಕು ಕಾಲು

ಶನಿವಾರ ಗಿರಾಕಿಯನ್ನು ಕರೆತರುತ್ತೇನೆ, ಜೀಪು ತೊಳೆದಿಡಿ ಎಂದು ಹೇಳಿ ಗಂಡನ ಅಣ್ಣ ಫೋನ್ ಇಟ್ಟಾಗ ಅವಳು ಹಳೆಯ ಸೋಫಾಕ್ಕೆ ಹೊಸ ಬಟ್ಟೆ ಎಳೆದು ಮೊಳೆ ಹೊಡೆಯುತ್ತಿದ್ದಳು. ಮುಂದಿನ ಮೊಳೆ ಒಂದೇ ಏಟಿಗೆ ಒಳಗೆ ಹೋಯಿತು.

ಮಾರುವ ಮಾತು ಎದ್ದದ್ದು ಗಂಡನ ಬೆನ್ನಿನ ಆಪರೇಷನ್ ಆದ ಮೇಲೆ. ಇನ್ನು ಭಾರ ಎತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಬೇಸಿಗೆ ಬಂದರೆ ಜೀಪಿನ ಚಾವಣಿಯಾದ ಫೈಬರ್ ಟಾಪು ಕಳಚಿಡಲು ನಾಲ್ಕು ಜನ ಗಂಡಸರು ಬೇಕು. ಹಿಂದೆಲ್ಲ ಭಾವನೇ ಜನ ಕರೆದುಕೊಂಡು ಬರುತ್ತಿದ್ದರು. ಈಗ ಕೇಳಿದಾಗಲೆಲ್ಲ, ನೆಟ್ಟಗೆ ಕೂರಲು ಆಗದವನಿಗೆ ತೆರೆದ ಜೀಪು ಯಾಕೆ ಎನ್ನುತ್ತಿದ್ದರು. ಗಂಡನೂ ಕೈಚೆಲ್ಲಿದ್ದ. ಸರ್ವೆ ಕೆಲಸಕ್ಕೆಂದು ಅದೇ ಜೀಪಿನಲ್ಲಿ ಗುಡ್ಡ ಹತ್ತಿಳಿದವನು, ಅಣ್ಣ ಹೇಳುವುದೇ ಸರಿ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಆ ಗುಡ್ಡಗಳ ಅರ್ಧ ದಾರಿ ಸ್ಟಿಯರಿಂಗ್ ಹಿಡಿದವಳು ತಾನು ಎಂಬುದು ಅಣ್ಣ ತಮ್ಮ ಇಬ್ಬರಿಗೂ ನೆನಪಿದ್ದಂತಿರಲಿಲ್ಲ.

ಅವಳು ಹಿಂದಿನ ಕೋಣೆಗೆ ಹೋಗಿ, ಮಕ್ಕಳು ಮಲಗುತ್ತಿದ್ದ ಎರಡಂತಸ್ತಿನ ಮಂಚ ಬಿಚ್ಚತೊಡಗಿದಳು. ಸದ್ದು ಕೇಳಿ ಗಂಡ ಸೊಂಟದ ಪಟ್ಟಿ ಹಿಡಿದುಕೊಂಡು ಬಂದ.

"ಮಂಚ ಯಾಕೆ ಮುರೀತಿದೀಯ?"

"ಟಾಪಿಗೆ ಕಾಲು ಕೊಡ್ತೀನಿ."

"ಕಾಲು ಕೊಡ್ತೀಯ ಸರಿ, ಎತ್ತಿ ಕೂರಿಸೋರು ಯಾರು?"

ಅದು ಅವಳಿಗೂ ಗೊತ್ತಿರಲಿಲ್ಲ. ಆದರೂ ಕೊಯ್ದಳು, ಜೋಡಿಸಿದಳು. ಜೀಪಿನ ಎಡಕ್ಕೊಂದು ಬಲಕ್ಕೊಂದು, ಎರಡೆರಡು ಕಾಲಿನ, ಅಗಲ ಪಾದದ ಎತ್ತರದ ಸ್ಟ್ಯಾಂಡು ನಿಂತವು. ಟಾಪು ಕೂರುವ ಪಟ್ಟಿಗೆ ಸೋಫಾದ ಸ್ಪಂಜು ಸುತ್ತಿ, ಮೇಲೆ ಸೈಕಲ್ ಟ್ಯೂಬು ಬಿಗಿದಳು. ಮಾರನೆಯ ದಿನ ಅಂಗಳದಲ್ಲಿ ಟಾಪಿನ ಬೋಲ್ಟುಗಳನ್ನು ಬಿಚ್ಚಿ, ಒಂದು ಮೂಲೆಗೆ ಹಲಗೆಯಿಟ್ಟು ಜಾಕ್ ಕೊಟ್ಟು ಎತ್ತಲು ನೋಡಿದಳು. ಟಾಪು ಓರೆಯಾಗಿ ಕಿರುಗುಟ್ಟಿತು, ಹಲಗೆ ಜಾರಿತು, ಬೆರಳ ಗೆಣ್ಣಿನ ಚರ್ಮ ಕಿತ್ತು ಬಂತು. ಅವಳು ರಕ್ತವನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಜಾಕ್ ಹಿಡಿದಳು.

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ಗಂಡ ಕೈ ಎತ್ತಿ ತಡೆದ.

"ಟಾಪು ಎತ್ತಬೇಡ ಕಣೇ. ಜೀಪನ್ನೇ ಇಳಿಸು. ಚಕ್ರದ ಗಾಳಿ ಬಿಡು."

ಅವಳು ತಿರುಗಿ ಅವನ ಮುಖ ನೋಡಿದಳು. ಮರಳಿನಲ್ಲಿ ಹೂತಾಗಲೆಲ್ಲ ಅವನು ಗಾಳಿ ಇಳಿಸಿಯೇ ಜೀಪು ಹೊರತೆಗೆಯುತ್ತಿದ್ದುದು ನೆನಪಾಯಿತು. ಸ್ಟ್ಯಾಂಡುಗಳನ್ನು ಟಾಪಿನ ಎರಡೂ ಅಂಚಿನ ಕೆಳಗೆ ಒತ್ತಿ ನಿಲ್ಲಿಸಿ, ಕಾಲಡಿ ಮರದ ಚೂರು ಬಡಿದಳು. ಟಾಪಿಗೆ ತಾಗದಿರಲೆಂದು ಹಿಂದಿನ ಸ್ಟೆಪ್ನಿ ಕಳಚಿ ಉರುಳಿಸಿದಳು. ನಾಲ್ಕೂ ಚಕ್ರಗಳು ಒಂದೊಂದಾಗಿ ಉಸ್ಸೆಂದವು. ಜೀಪು ದಣಿದ ಎತ್ತಿನ ಹಾಗೆ ಕುಸಿಯಿತು. ಟಾಪು ಇದ್ದಲ್ಲೇ ಇತ್ತು. ನಡುವೆ ಬೆರಳಗಲ ಬೆಳಕು ಕಂಡಿತು. ಗಂಡ ಎದ್ದು ಮುಂದೆ ನಿಂತು ಬಾ, ಬಾ ಎಂದು ಕೈ ಆಡಿಸಿದ. ಅವಳು ಇಂಚಿಂಚೇ ಓಡಿಸಿಕೊಂಡು ಬಿಸಿಲಿಗೆ ಬಂದಳು.

ಶನಿವಾರ ಭಾವ ಗಿರಾಕಿಯೊಂದಿಗೆ ಬಂದಾಗ ಅಂಗಳದಲ್ಲಿ ಟಾಪು ಮಾತ್ರ ನಿಂತಿತ್ತು. ಗಾಳಿ ತುಂಬಿಸಿಕೊಂಡ ಜೀಪು ಗೇಟಿನಾಚೆ ಗುರುಗುಡುತ್ತಿತ್ತು. ಸ್ಟಿಯರಿಂಗಿನಲ್ಲಿ ಅವಳು, ಪಕ್ಕದಲ್ಲಿ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡ ಗಂಡ. ಯಾರನ್ನು ಕರೆಸಿ ಇಳಿಸಿದಿರಿ ಎಂದು ಭಾವ ಕೇಳಿದರು. ಯಾರನ್ನೂ ಇಲ್ಲ ಎಂದಳು. ಇವರು ಜೀಪು ನೋಡಲು ಇಷ್ಟು ದೂರದಿಂದ ಬಂದಿದ್ದಾರಲ್ಲ ಎಂದರು.

"ಬಿಸಿಲಿದೆ ಭಾವ, ಅವರನ್ನ ಟಾಪಿನ ಕೆಳಗೆ ನಿಲ್ಲಿಸಿ. ನೆರಳಿದೆ," ಎಂದು ಅವಳು ಕ್ಲಚ್ ಬಿಟ್ಟಳು.

ಸ್ವಲ್ಪ ದೂರ ಹೋದಮೇಲೆ ಗಂಡ ಹಿಂತಿರುಗಲು ನೋಡಿದ. ಸೊಂಟದ ಪಟ್ಟಿ ಬಿಡಲಿಲ್ಲ.

"ಅಣ್ಣ ಏನು ಮಾಡ್ತಿದಾನೆ?"

ಅವಳು ಕನ್ನಡಿ ನೋಡಿದಳು. "ಸ್ಟ್ಯಾಂಡಿನ ಕಾಲು ಹಿಡಿದು ಅಲ್ಲಾಡಿಸ್ತಿದಾರೆ."

"ಅಲ್ಲಾಡ್ತಿದೆಯಾ?"

"ಇಲ್ಲ."