ಗೋಡೆಗೆ ಹಿಡಿಯುವ ವಾಸನೆ

ಹೊಸದಾಗಿ ಬಣ್ಣ ಬಳಿದ ಗೋಡೆಯ ವಾಸನೆ ಬಂದರೆ ನನಗೆ ಈಗಲೂ ಬಂಗುಡೆ ಮೀನು ನೆನಪಾಗುತ್ತದೆ.

ಆ ತಿಂಗಳೊಳಗೆ ನಾವಿದ್ದ ಬಾಡಿಗೆ ಮನೆ ಬಿಡಬೇಕಿತ್ತು. ಕುಂದಾಪುರದಲ್ಲಿ ಅಮ್ಮ ಮತ್ತು ನಾನು ನೋಡಿದ ಆರು ಮನೆಗಳೂ ಕೈತಪ್ಪಿದ್ದವು. ಏಳನೆಯದು ಒಂದು ಹೊಸ ಕಟ್ಟಡದ ಮಹಡಿಯಲ್ಲಿತ್ತು. ಮೀನು ಮಾರ್ಕೆಟ್ಟಿನಿಂದ ಅವತ್ತು ಬೇಗ ಬಂದ ಅಮ್ಮ ಎರಡೆರಡು ಸಲ ಸೋಪು ಹಚ್ಚಿ ಮಿಂದು, ಮದುವೆಮನೆಗೆ ಉಡುವ ಸೀರೆ ಉಟ್ಟು, ಹೆಮ್ಮಾಡಿ ಸೇವಂತಿಗೆ ಮುಡಿದಿದ್ದಳು.

ಮನೆಯೊಡತಿ ನಮ್ಮನ್ನು ಕೋಣೆ ಕೋಣೆಗೂ ಕರೆದೊಯ್ದರು. ನಾನು ಗೋಡೆ ಮುಟ್ಟಿ ನೋಡಿದೆ. ತಣ್ಣಗೆ, ತುಸು ಅಂಟಂಟಾಗಿತ್ತು. ಕಿಟಕಿಯ ಕಟ್ಟೆ ನನ್ನ ಶಾಲೆಯ ಚೀಲಕ್ಕೆಂದೇ ಕಟ್ಟಿಸಿದಂತಿತ್ತು. ಅವರು ಬೀಗದ ಕೈಯನ್ನು ಅಮ್ಮನಿಗೆ ಕೊಡುತ್ತ, "ನಿಮ್ದ್ ಎಂತ ಕೆಲ್ಸ?" ಎಂದು ಕೇಳಿದರು.

ಅಮ್ಮ ನಕ್ಕಳು. "ಗುರ್ತ್ ಸಿಕ್ಲಿಲ್ಯಾ? ಶನಿವಾರ ನನ್ನತ್ರವೇ ಬಂಗ್ಡಿ ತಕಂಡ್ ಹೋದ್ದಲ್ದಾ?"

ಅವರು ಬೀಗದ ಕೈ ವಾಪಸು ಪಡೆಯಲು ಕೈ ಚಾಚಿದರು. "ನಾವೂ ಮೀನ್ ತಿಂಬರೇ ಮಾರಾಯ್ತಿ. ಆರೆ ಮಾರುವರ್ ಇದ್ರೆ ಗ್ವಾಡಿಗೆಲ್ಲ ವಾಸ್ನಿ ಹಿಡಿತ್ತ್."

ನಾವು ಮೆಟ್ಟಿಲಿಳಿದು ಗೇಟು ಮುಟ್ಟುವಷ್ಟರಲ್ಲಿ ಅವರು ಮೇಲಿನಿಂದ ಕೂಗಿದರು. "ಹ್ವಾಯ್, ನಾಳೆ ಒಳ್ಳೆ ಬಂಗ್ಡಿ ಬಂದ್ರೆ ನಂಗೊಂದ್ ಹತ್ತ್ ತೆಗ್ದಿಡ್!"

ನಾನು ಅಮ್ಮನ ಸೆರಗು ಹಿಡಿದೆ. ಅವಳು ತಿರುಗಿ ನಿಂತು, ಮಾರ್ಕೆಟ್ಟಿನಲ್ಲಿ ಗಿರಾಕಿಗಳನ್ನು ಕೂಗುವ ಗಂಟಲಿನಲ್ಲಿ, ಇಡೀ ಬೀದಿಗೆ ಕೇಳುವಂತೆ ಹೇಳಿದಳು:

"ಹ್ವಾಯ್, ತೆಗ್ದಿಡ್ತೆ! ಆರೆ ಬೇಯ್ಸಿ ತಿಂಬುಕೂ ಮಾರ್ಕೆಟ್ಟಿಗೇ ಬನ್ನಿ. ನಿಮ್ ಗ್ವಾಡಿಗೆ ವಾಸ್ನಿ ಹಿಡುದ್ ಬ್ಯಾಡ!"