ಬದಲಿ ತಾಯಿ

ಆಪರೇಷನ್ ಟೇಬಲ್ ಮೇಲೆ ನೇತ್ರಾವತಿಯ ಹೃದಯ ಒಂದು ಗಳಿಗೆ ನಿಂತು ಮತ್ತೆ ಹೊಡೆದುಕೊಂಡಿತ್ತು. ಅಷ್ಟರಲ್ಲೇ ಫೋನ್ ನೆಟ್‌ವರ್ಕ್, ಅವಳು ಸತ್ತಳೆಂದೇ ಲೆಕ್ಕ ಹಾಕಿ, ಹಾಸ್ಟೆಲಿನಲ್ಲಿದ್ದ ಮಗಳು ಸಿಂಚನಾಳ ಕರೆಗಳನ್ನೆಲ್ಲ ಬದಲಿ ತಾಯಿಯೊಬ್ಬಳಿಗೆ ತಿರುಗಿಸಿಬಿಟ್ಟಿತ್ತು.

"ಒಂದು ಕರೇನೂ ತಪ್ಪಿಲ್ಲ ಮೇಡಂ. ದನೀನೂ ನಿಮ್ಮದೇ ಥರ ಕೇಳ್ಸತ್ತೆ, ಮಗೂಗೆ ಗೊತ್ತೇ ಆಗಿಲ್ಲ," ಎಂದಳು ಫೋನ್ ಕಂಪನಿ ಕಚೇರಿಯ ಕೌಂಟರಿನವಳು, ಗುಣವಾಗಿ ವಿಚಾರಿಸಲು ಬಂದ ನೇತ್ರಾವತಿಗೆ.

"ನಾನು ಬದುಕಿದೀನಲ್ಲಮ್ಮ! ನನಗೇ ವಾಪಸ್ ಕೊಡು."

"ಸರಿಯಾಗಿ ಓಡ್ತಿರೋ ಲೈನನ್ನ ಮತ್ತೆ ಮುಟ್ಟಲ್ಲ ಮೇಡಂ. ಈಗ ಖಾಲಿ ಇದೀರಲ್ಲ, ನಿಮ್ಮನ್ನೂ ಬೇರೆ ಮಕ್ಕಳಿಗೆ ಬದಲಿ ತಾಯಿಯಾಗಿ ಹಾಕಿದೀವಿ."

ಮೆಟ್ಟಿಲಿಳಿಯುವಾಗ ನೇತ್ರಾವತಿಯ ಫೋನ್ ಬಡಿದುಕೊಂಡಿತು.

"ಅಮ್ಮಾ, ಆಪರೇಷನ್ ಮುಗೀತಾ? ನಿಂಗೇನೂ ಆಗಿಲ್ಲ ತಾನೇ?"

ಯಾರದೋ ಮಗ. ಅವನ ತಾಯಿಗೆ ಏನಾಗಿರಬೇಕೆಂದು ನೇತ್ರಾವತಿಗೆ ಹೊಳೆಯಿತು. ಅವಳು ಕಂಬಿ ಹಿಡಿದು ಅಲ್ಲೇ ಕುಳಿತಳು.

"ಏನೂ ಆಗಿಲ್ಲ ಕಂದಾ," ಎಂದಳು. "ಚೆನ್ನಾಗೇ ಇದೀನಿ."