ಮೂರು ನಿಮಿಷದ ಕುಬಸ

ಗಾಡಿ ಕಲ್ಯಾಣ ಸ್ಟೇಷನ್ನಿನಲ್ಲಿ ನಿಲ್ಲುವ ಮೊದಲೇ ಶೇವಂತಿ ಗಂಟನ್ನು ಅವಚಿಕೊಂಡು ಎದ್ದಳು. ಇಲ್ಲಿ ನಿಲ್ಲುವುದು ಮೂರೇ ನಿಮಿಷ. ಅಷ್ಟರಲ್ಲಿ ಏಳು ತಿಂಗಳ ಬಸುರಿ ಮಗಳ ಉಡಿ ತುಂಬಬೇಕು.

“ನೀವೂ ಇಳೀರಿ. ಮಗಳ ಮಾರಿ ನೋಡಿ ಎರಡ ವರ್ಷ ಆತು.”

“ನಾ ಇಳಿಯಂಗಿಲ್ಲ,” ಎಂದ ಗಂಡ ಬಸಗೊಂಡಪ್ಪ, ಕಿಟಕಿಯಾಚೆ ನೋಡುತ್ತ. “ನಾ ಹೇಳಿದ್ದು ಖರೆ ಇತ್ತು.”

ಮಗಳ ಮದುವೆಯ ಹಂದರದಲ್ಲಿ ಬೀಗರು ತಂದ ಸೀರೆಯನ್ನು ಅವನು ಎರಡು ಬೆರಳಲ್ಲಿ ತಿಕ್ಕಿ ನೋಡಿ, “ಕೈಮಗ್ಗದ್ದಲ್ರೀ ಇದು, ಪಾವರ್‌ಲೂಮಿಂದು. ನಿಮಗ ಛಲೋ ಟೋಪಿ ಹಾಕ್ಯಾರ” ಎಂದುಬಿಟ್ಟಿದ್ದ. ಬಟ್ಟೆ ಕೈಗೆ ಬಂದರೆ ತಿಕ್ಕಿ ನೋಡುವುದು ಬನಹಟ್ಟಿಯ ನೇಕಾರನ ರೂಢಿ. ನೂರು ಮಂದಿಯೆದುರು ಬೀಗತಿಯ ಮುಖ ಕಪ್ಪಿಟ್ಟಿತು. ಅಂದಿನಿಂದ ಮಗಳು ಪೂರ್ಣಿಮಾಗೆ ತವರಿಲ್ಲ, ಸೀಮಂತದ ಕುಬಸಕ್ಕೂ ಕಳಿಸಲಿಲ್ಲ. ಈಗ ಸೂರತ್ತಿನ ಸೀರೆ ಪ್ರದರ್ಶನಕ್ಕೆ ಹೊರಟ ದಾರಿಯಲ್ಲಿ ತಾಯಿ–ಮಗಳು ಫೋನಿನಲ್ಲಿ ಗುಟ್ಟಾಗಿ ಗೊತ್ತು ಮಾಡಿಕೊಂಡ ಭೇಟಿ ಇದು.

ಆಫೀಸಿಗೆ ಓಡುವವರ ನೂಕುನುಗ್ಗಲಿನಲ್ಲಿ ಪೂರ್ಣಿಮಾ ಊಟದ ಡಬ್ಬಿಯ ಚೀಲ ಹಿಡಿದು ನಿಂತಿದ್ದಳು.

“ಯವ್ವಾ, ನಿಂತಲ್ಲೇ ತುಂಬಿಬಿಡು.”

“ನಿಂತ ಹೆಂಗ ತುಂಬೂದ ಬೇ? ಕೂಡು. ಮೂಡಣ ಯಾವ ಕಡಿ?”

ಮಗಳಿಗೂ ಗೊತ್ತಿರಲಿಲ್ಲ. ಶೇವಂತಿ ತಗಡಿನ ಸಂದಿಯಲ್ಲಿ ಬಿಸಿಲು ಹುಡುಕಿ, ಅವಳನ್ನು ಬೆಂಚಿನ ಮೇಲೆ ತಿರುಗಿಸಿ ಕೂರಿಸಿದಳು. ಕುಂಕುಮ ಹಚ್ಚಿದಳು. ಹಸಿರು ಸೀರೆ ಹೆಗಲಿಗೆ ಹೊದಿಸಿ, ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿದಳು. ನಾಲ್ಕನೆಯ ಬೊಗಸೆಗೆ ಗಾಡಿ ಅಲುಗಿತು.

“ಲೇ, ಹತ್ತು!” ಬಾಗಿಲಿನಿಂದ ಬಸಗೊಂಡಪ್ಪ ಕೂಗಿದ.

“ಒಂದ ನಿಮಿಷ ತಡೀ ಅನ್ರಿ ಡ್ರೈವರಗ! ಇನ್ನೊಂದ ಬೊಗಸಿ ಐತಿ!”

ಊರ ಕಡೆಯ ರಬಕವಿ ಬಸ್ಸಿನ ಕಂಡಕ್ಟರಾಗಿದ್ದರೆ ಸೀಟಿ ಊದಿ ನಿಲ್ಲಿಸುತ್ತಿದ್ದ. ಐದನೆಯ ಬೊಗಸೆ ಹಾಕಿ ತಲೆಯೆತ್ತುವಷ್ಟರಲ್ಲಿ ಗಾಡಿಯ ಕೊನೆಯ ಡಬ್ಬಿ ದಾಟಿ ಹೋಗುತ್ತಿತ್ತು.

ಶೇವಂತಿ ನಕ್ಕಳು. “ಹೋಗ್ಲಿ ಬಿಡು. ಹಿಂಗರೆ ನಿನ್ನ ಮನಿ ನೋಡಿದಂಗ ಆತು. ನಡಿ.”

ಪೂರ್ಣಿಮಾ ಏಳಲಿಲ್ಲ.

“ಯವ್ವಾ, ನಾ ಕೆಲಸಕ್ಕ ಹೊಂಟೇನಂತ ಹೇಳಿ ಬಂದೇನಿ. ಅತ್ತಿ ನಿನ್ನ ಹೊಸ್ತಿಲಾ ತುಳಿಯಾಕ ಬಿಡಂಗಿಲ್ಲ. ನೀ ಬಂದ ಹೋದಮ್ಯಾಲ ನಾ ಆ ಮನ್ಯಾಗ ಹೆಂಗ ಇರ್ಲಿ?”

ಪಕ್ಕದ ಹಳಿಗೆ ಲೋಕಲ್ ಗಾಡಿ ಬಂತು. ಪೂರ್ಣಿಮಾ ದಿನಾ ಹತ್ತುವ ಗಾಡಿ. ಶೇವಂತಿ ಮಗಳ ಹೆಗಲಿನ ಸೀರೆಯನ್ನು ತಾನೇ ತೆಗೆದು, ತುಂಬಿದ ಅಕ್ಕಿಯ ಸಮೇತ ಗಂಟು ಕಟ್ಟಿದಳು. ಹಣೆಯ ಹೊಸ ಕುಂಕುಮವನ್ನು ಹೆಬ್ಬೆರಳಿನಿಂದ ಸಣ್ಣದು ಮಾಡಿದಳು. ಎರಡು ಉತ್ತತ್ತಿ ಮಾತ್ರ ಅವಳ ಕೈಗಿಟ್ಟಳು.

“ಗಾಡಿಯಾಗ ತಿಂದ ಮುಗಸು. ಮನೀತನ ಒಯ್ಯಬ್ಯಾಡ.”

ಹೆಂಗಸರ ಡಬ್ಬಿಯ ಬಾಗಿಲಲ್ಲಿ ಹತ್ತಾರು ಕೈಗಳ ನಡುವೆ ಪೂರ್ಣಿಮಾ ಹೊಟ್ಟೆಗೆ ಚೀಲ ಅಡ್ಡ ಹಿಡಿದು ಒಳಗೆ ತೂರಿದಳು. ತಿರುಗಿ ನೋಡಲು ಜಾಗವಿರಲಿಲ್ಲ.

ಬಸಗೊಂಡಪ್ಪನ ಫೋನ್ ಬಂತು.

“ಲೇ, ಮುಂದಿನ ಸ್ಟೇಷನ್ನಿಗೆ ಇಳದು ತಿರುಗಿ ಬರ್ತೀನಿ. ಎಲ್ಲಿದ್ದಿ?”

“ಮಗಳ ಮನ್ಯಾಗ.”

“ಬೀಗರು ಕೂಡಂತರೆ ಅಂದ್ರೋ ಇಲ್ಲೋ?”

“ಅಂದ್ರು. ಛಾ ಕುದ್ಯಾಕತ್ತೈತಿ. ನೀವು ಅವಸರ ಮಾಡಬ್ಯಾಡ್ರಿ.”

ಅವಳ ತಲೆಯ ಮೇಲಿನ ಧ್ವನಿವರ್ಧಕ ಮುಂದಿನ ಲೋಕಲ್ ಬರುವುದನ್ನು ಸಾರತೊಡಗಿತು.

“ಅದೇನು ಗದ್ದಲ?” ಬಸಗೊಂಡಪ್ಪ ಕೇಳಿದ.

ಶೇವಂತಿ ಗಂಟನ್ನು ಮಡಿಲಿಗೆ ಎಳೆದುಕೊಂಡಳು.

“ಮಗಳ ಮನಿ ಸ್ಟೇಷನ್ನಿಗೆ ಭಾಳ ಹತ್ರ ಐತ್ರಿ.”